‘ರನ್’ ಪದಕ್ಕೆ 645 ಅರ್ಥವಂತೆ, ನಾನು ಎಷ್ಟು ಕಲಿಯಬೇಕು?

ಪ್ರಶ್ನೆ: ನಾನು ಸುರಪುರ ಕಡೆಯವನು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿ.ಕಾಂ. ಈಗ ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ, ಈಮೇಲ್‌ಗಳನ್ನೂ ನಾನೇ ನೋಡಿಕೊಳ್ಳಬೇಕು. ಮುಂಬೈ ಪಾರ್ಟಿಯೊಂದು ‘ರನ್ ದ ಸ್ಯಾಂಪಲ್ ಬೈ ಅಸ್ ಫಸ್ಟ್’ ಎಂದು ಬರೆದಿತ್ತು. ಸ್ಯಾಂಪಲ್ ಬೇಗ ಕಳಿಸಿ ಅನ್ನುತ್ತಿದ್ದಾರೆ ಎಂದುಕೊಂಡು ಸ್ಯಾಂಪಲ್ ಜೊತೆಗೇ ಲೋಡ್ ಕೂಡ ಕಳಿಸಿಬಿಟ್ಟೆ. ಅವರು ನೋಡಿ ಒಪ್ಪಿದ ಮೇಲೆ ಕಳಿಸಬೇಕಿತ್ತಂತೆ. ಲಾರಿ ವಾಪಸ್ ಬಂತು, ಬಾಡಿಗೆ ಮಿಲ್ ಮೇಲೆ ಬಿತ್ತು. ಅದೇ ಮೇಲ್‌ನಲ್ಲಿ ‘ವಿ ಡೋಂಟ್ ವಾಂಟ್ ರನ್ ಆಫ್ ದ ಮಿಲ್ ದಾಲ್’ ಅಂತಲೂ ಇತ್ತು. ನಮ್ಮದು ಮಿಲ್. ಮಿಲ್ಲಿನ ಬೇಳೆ ಬೇಡ ಅಂದರೆ ಇನ್ನೇನು ಬೇಕು ಅವರಿಗೆ? ಆ ದಿನ ಫೋನಿನಲ್ಲಿ ಹುಡುಕಿದಾಗ ‘ರನ್’ ಒಂದೇ ಪದಕ್ಕೆ 645 ಅರ್ಥ ಎಂದು ಓದಿ ಗಾಬರಿಯಾಯಿತು. ಈಗ ಫ್ರೇಸಲ್ ವರ್ಬ್‌ಗಳ, ಅಂದರೆ ‘ರನ್ ಔಟ್’ ಥರದ ಜೋಡಿ ಪದಗಳ, ಪಟ್ಟಿ ಬಾಯಿಪಾಠ ಮಾಡುತ್ತಿದ್ದೇನೆ. ಬೆಳಿಗ್ಗೆ ಓದಿದ್ದು ಸಂಜೆಗೆ ಇರುವುದಿಲ್ಲ. ಕನ್ನಡದಲ್ಲಿ ಒಂದು ಪದಕ್ಕೆ ಒಂದು ಅರ್ಥ ಇದೆ, ಇಂಗ್ಲಿಷ್ ಯಾಕೆ ಹೀಗೆ? ನನ್ನ ನೆನಪಿನ ಶಕ್ತಿಯೇ ಕಡಿಮೆಯಾ? ದುಡ್ಡು ಕಟ್ಟಿ ಸ್ಪೋಕನ್ ಇಂಗ್ಲಿಷ್ ಕೋರ್ಸಿಗೆ ಸೇರಲಾ?

ಉತ್ತರ: ನಿಮ್ಮ ಪತ್ರದಲ್ಲಿ ಇರುವ ನಿಜವಾದ ಚಿಂತೆ ಇದು: ಚಿಕ್ಕ ಪದ, ಮೂರನೇ ಕ್ಲಾಸಿನಲ್ಲೇ ಕಲಿತದ್ದು, ಅದೇ ಕೈಕೊಟ್ಟಿತು. ದೊಡ್ಡ ಪದ ಗೊತ್ತಾಗದಿದ್ದರೆ ಯಾರಿಗೂ ಬೇಜಾರಿಲ್ಲ, ನಿಘಂಟು ತೆಗೆದು ನೋಡುತ್ತೇವೆ. ಗೊತ್ತಿದೆ ಅಂದುಕೊಂಡ ಪದ ಮೋಸ ಮಾಡಿದಾಗ ನಮ್ಮ ಮೇಲೆ ನಮಗೇ ಅನುಮಾನ ಬರುತ್ತದೆ. ಕಲಬುರಗಿಯಲ್ಲಿ ಇಂಗ್ಲಿಷ್ ಪಾಠ ಮಾಡುವ ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಎಡವುವುದು ಇಂಥ ಪದಗಳಲ್ಲೇ. ರನ್, ಗೆಟ್, ಸೆಟ್, ಪುಟ್, ಟೇಕ್. ಎಂಜಿನಿಯರಿಂಗ್ ಮುಗಿಸಿದವರೂ ಎಡವುತ್ತಾರೆ. ಹಾಗಾಗಿ ನೆನಪಿನ ಶಕ್ತಿಯ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ.

645ರ ಲೆಕ್ಕ ಸುಳ್ಳಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು ‘ರನ್’ ಕ್ರಿಯಾಪದವನ್ನು ಹೊಸದಾಗಿ ಪರಿಷ್ಕರಿಸಿದಾಗ ಬಂದ ಸಂಖ್ಯೆ ಅದು. 2011ರಲ್ಲಿ ಸುದ್ದಿಯಾಯಿತು. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಆ ಒಂದೇ ಪದಕ್ಕೆ ಸುಮಾರು ಒಂಬತ್ತು ತಿಂಗಳು ಕೂತರು. ಅದಕ್ಕೂ ಮೊದಲು, 1989ರ ಎರಡನೇ ಆವೃತ್ತಿಯಲ್ಲಿ, ಎಲ್ಲಕ್ಕಿಂತ ಉದ್ದದ ನಮೂದು ‘ಸೆಟ್’ ಪದದ್ದಾಗಿತ್ತು.

ಆದರೆ ಆ ನಿಘಂಟಿನ ಕೆಲಸ ಏನು ಅಂತ ತಿಳಿದರೆ ನಿಮ್ಮ ಗಾಬರಿ ಅರ್ಧ ಇಳಿಯುತ್ತದೆ. ಅದು ಪದದ ಇಡೀ ಇತಿಹಾಸವನ್ನು ದಾಖಲು ಮಾಡುವ ನಿಘಂಟು. ಸಾವಿರ ವರ್ಷದ ಹಿಂದೆ ಬಳಕೆಯಲ್ಲಿದ್ದು ಈಗ ಸತ್ತುಹೋದ ಅರ್ಥ, ಹಡಗಿನವರು ಮಾತ್ರ ಬಳಸುವ ಅರ್ಥ, ಗಣಿಯವರ ಅರ್ಥ, ‘ರನ್ ಔಟ್’, ‘ರನ್ ಅಪ್’, ‘ರನ್ ಡೌನ್’ ಥರದ ಜೋಡಿಗಳ ಒಂದೊಂದು ಅರ್ಥ, ಎಲ್ಲವನ್ನೂ ಬಿಡಿ ಬಿಡಿಯಾಗಿ ಎಣಿಸುತ್ತದೆ. ಲಂಡನ್ನಿನಲ್ಲಿ ಹುಟ್ಟಿ ಬೆಳೆದವರನ್ನು ನಿಲ್ಲಿಸಿ ಕೇಳಿದರೂ 645 ಹೇಳಲಾರರು. ಅವರಿಗೆ ಅದು ಬೇಕಾಗಿಯೂ ಇಲ್ಲ. ಮಾತಿನಲ್ಲಿ ಬಂದಾಗ ಗೊತ್ತಾದರೆ ಸಾಕು. ನಿಮಗೂ ಅಷ್ಟೇ ಸಾಕು.

ಇನ್ನು ಕನ್ನಡದಲ್ಲಿ ಒಂದು ಪದಕ್ಕೆ ಒಂದೇ ಅರ್ಥ ಅಂತ ಬರೆದಿದ್ದೀರಿ. ಇದನ್ನು ಮಾತ್ರ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಿಮ್ಮ ತೊಂದರೆಗೆ ಔಷಧಿ ಇಲ್ಲೇ ಇದೆ.

ನಮ್ಮ ಕಡೆಯ ‘ಹತ್ತು’ ಎಂಬ ಪದ ತೆಗೆದುಕೊಳ್ಳಿ. ಬಸ್ ಹತ್ತುತ್ತೇವೆ, ಗುಡ್ಡ ಹತ್ತುತ್ತೇವೆ. ಬೆಂಕಿ ಹತ್ತುತ್ತದೆ. ಅನ್ನ ತಳ ಹತ್ತುತ್ತದೆ. ‘ಮಳಿ ಹತ್ಯಾದ’ ಅಂದರೆ ಮಳೆ ಶುರುವಾಗಿದೆ. ‘ನಿದ್ದಿ ಹತ್ತಿತ್ತು’ ಅಂದರೆ ಕಣ್ಣು ಮುಚ್ಚಿತ್ತು. ‘ಎಷ್ಟು ರೊಕ್ಕ ಹತ್ತತಾದ?’ ಅಂದರೆ ಖರ್ಚು ಎಷ್ಟು. ‘ಫೋನ್ ಹತ್ತವಲ್ದು’ ಅಂದರೆ ಲೈನ್ ಸಿಗುತ್ತಿಲ್ಲ. ‘ಹುಡುಗ ಓದ್ಲಾಕ ಹತ್ಯಾನ’ ಅಂದರೆ ಈಗ ಓದುತ್ತಾ ಕೂತಿದ್ದಾನೆ. ‘ಸಾಲದವರು ಬೆನ್ನ ಹತ್ಯಾರ’ ಅಂದರೆ ಹಿಂದೆ ಬಿದ್ದಿದ್ದಾರೆ. ಇಷ್ಟನ್ನೂ ನಿಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ನೀವು ಬಾಯಿಪಾಠವನ್ನೂ ಮಾಡಲಿಲ್ಲ. ಪಂಜಾಬಿನಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯೊಬ್ಬರು ‘ಹತ್ತು ಅಂದರೆ ಏರು’ ಅಂತ ಕಲಿತು, ‘ಫೋನ್ ಹತ್ತವಲ್ದು’ ಕೇಳಿದರೆ ಏನು ಅಂದುಕೊಳ್ಳಬೇಕು? ನೀವು ‘ರನ್’ ಮುಂದೆ ನಿಂತ ಹಾಗೇ ಅವರು ‘ಹತ್ತು’ ಮುಂದೆ ನಿಂತಿರುತ್ತಾರೆ. ಅವರ ಬುದ್ಧಿಗೂ ಏನೂ ಆಗಿರುವುದಿಲ್ಲ.

ಇದು ಎಲ್ಲ ಭಾಷೆಗಳ ಗುಣ. ಹೆಚ್ಚು ಬಳಕೆಯಾಗುವ ಪದಕ್ಕೆ ಅರ್ಥಗಳೂ ಹೆಚ್ಚು. ಅಮೆರಿಕದ ಭಾಷಾ ವಿದ್ವಾಂಸ ಜಾರ್ಜ್ ಕಿಂಗ್ಸ್‌ಲಿ ಜಿಫ್ 1945ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು. ಕಾರಣವೂ ಸರಳ. ಹೊಸ ಸಂಗತಿ ಬಂದಾಗಲೆಲ್ಲ ಜನ ಹೊಸ ಪದ ಹುಟ್ಟಿಸುತ್ತಾ ಕೂರುವುದಿಲ್ಲ, ಬಾಯಿಗೆ ಬರುವ ಹಳೆಯ ಪದವನ್ನೇ ಅದಕ್ಕೂ ಹಚ್ಚುತ್ತಾರೆ. ಎಂಜಿನ್ ಬಂತು, ರೈಲು ಬಂತು, ಮೋಟರ್ ಬಂತು, ಕಂಪ್ಯೂಟರ್ ಬಂತು. ಇಂಗ್ಲಿಷ್‌ನವರು ಎಲ್ಲಕ್ಕೂ ‘ರನ್’ ಅಂದರು. ನಮಗೂ ಫೋನ್ ಬಂದಾಗ ‘ಹತ್ತು’ ಕೈಗೆ ಸಿಕ್ಕಿತು.

ಈಗ ‘ರನ್’ ಒಳಗೆ ಹೋಗೋಣ. ಇದರ ಬೇರಿನಲ್ಲಿ ಕಾಲಿನ ಓಟ ಒಂದೇ ಇಲ್ಲ, ನೀರಿನ ಹರಿವೂ ಇದೆ. ಇಂಗ್ಲಿಷಿನ ಸೋದರ ಭಾಷೆ ಜರ್ಮನ್‌ನಲ್ಲಿ ಇವತ್ತಿಗೂ ‘ರೆನೆನ್’ ಅಂದರೆ ಓಡು, ಅದರ ನೆಂಟ ‘ರಿನೆನ್’ ಅಂದರೆ ಹರಿ. ನಮ್ಮ ಹಳಗನ್ನಡದಲ್ಲೂ ‘ಪರಿ’ ಅಂದರೆ ಓಡು ಅಂತಲೂ ಇತ್ತು, ಹರಿ ಅಂತಲೂ ಇತ್ತು. ಅದೇ ಇವತ್ತಿನ ‘ಹರಿ’. ಅಂದರೆ ತಡೆಯಿಲ್ಲದೆ ಒಂದೇ ಸಮ ಮುಂದೆ ಸಾಗುವುದು, ಇದು ‘ರನ್’ ಪದದ ಒಳಗಿನ ಎಳೆ. ಆ ಎಳೆ ಹಿಡಿದರೆ ಅರ್ಥಗಳು ಗುಂಪು ಗುಂಪಾಗಿ ಬರುತ್ತವೆ.

ನಲ್ಲಿ ರನ್ ಆಗುತ್ತದೆ, ನೆಗಡಿಯಾದರೆ ಮೂಗು ರನ್ ಆಗುತ್ತದೆ, ಹೊಸ ಬಟ್ಟೆಯ ಬಣ್ಣ ನೀರಿನಲ್ಲಿ ರನ್ ಆಗುತ್ತದೆ. ಇವೆಲ್ಲ ಹರಿಯುವ ಗುಂಪು. ನಾವು ಇಲ್ಲಿ ಮೂಗು ಸೋರುತ್ತದೆ, ಬಣ್ಣ ಬಿಡುತ್ತದೆ ಅಂತ ಬೇರೆ ಬೇರೆ ಪದ ಇಟ್ಟುಕೊಂಡಿದ್ದೇವೆ.

ಮೋಟರ್, ಅಂಗಡಿ, ಬಸ್, ಕಂಪ್ಯೂಟರ್ ಪ್ರೋಗ್ರಾಂ ಇನ್ನೊಂದು ಗುಂಪು. ಇಲ್ಲಿ ಇಂಗ್ಲಿಷ್ ಓಡುತ್ತದೆ, ಕನ್ನಡ ನಡೆಯುತ್ತದೆ. ಅಂಗಡಿ ನಡೆಸುತ್ತೇವೆ, ಮಿಲ್ ನಡೆಯುತ್ತದೆ, ಸರ್ಕಾರ ನಡೆಸುತ್ತಾರೆ. ನಮ್ಮೂರ ಉರ್ದುವಿನಲ್ಲೂ ದುಕಾನ್ ‘ಚಲಾನಾ’, ಮೋಟರ್ ‘ಚಲ್ನಾ’, ಅಲ್ಲೂ ನಡಿಗೆಯೇ. ನೀವು ಯಾದಗಿರಿ ಜಿಲ್ಲೆಯವರು, ಕಲಬುರಗಿ ಗಂಜ್‌ನಲ್ಲಿ ವ್ಯವಹಾರ ಮಾಡುವವರು, ಎರಡೂ ಭಾಷೆ ಕಿವಿಗೆ ಬಿದ್ದೇ ಇರುತ್ತವೆ. ‘ರನ್’ ಕಂಡಾಗ ‘ಓಡು’ ಕೂರದಿದ್ದರೆ ಮೊದಲು ‘ನಡೆ, ನಡೆಸು’ ಹಾಕಿ ನೋಡಿ. ಬಹಳಷ್ಟು ವಾಕ್ಯ ಅಲ್ಲೇ ಬಿಚ್ಚಿಕೊಳ್ಳುತ್ತವೆ.

ಬೀದರ್‌ನಿಂದ ಹುಮನಾಬಾದ್ ಮೇಲೆ ಕಲಬುರಗಿಗೆ ಬರುವ ರೈಲು ಮಾರ್ಗ 2017ರಲ್ಲಿ ಪೂರ್ತಿ ತೆರೆಯಿತು. ಅದರ ಬಗ್ಗೆ ಇಂಗ್ಲಿಷ್ ಪತ್ರಿಕೆಯಲ್ಲಿ ‘ದ ಲೈನ್ ರನ್ಸ್ ಫ್ರಮ್ ಬೀದರ್ ಟು ಕಲಬುರಗಿ’ ಎಂದು ಬಂದರೆ ಹಳಿ ಓಡುತ್ತಿಲ್ಲ. ಹಳಿ ಅಲ್ಲಿಂದ ಇಲ್ಲಿಯವರೆಗೆ ಇದೆ, ಅಷ್ಟೇ. ನಾವೂ ‘ಈ ಹಾದಿ ಸೇಡಂಗೆ ಹೋಗ್ತದ’ ಅನ್ನುತ್ತೇವಲ್ಲ, ಹಾದಿ ಎಲ್ಲಿಗೂ ಎದ್ದು ಹೋಗುವುದಿಲ್ಲ. ಇದೇ ಗುಂಪಿನಿಂದ ‘ದ ಬಿಲ್ ರನ್ಸ್ ಟು 40,000’ ಬರುತ್ತದೆ. ಬಿಲ್ಲು 40,000ದವರೆಗೆ ಹೋಗುತ್ತದೆ, ಅಷ್ಟಾಗುತ್ತದೆ.

ನಿಮ್ಮ ಕೆಲಸದಲ್ಲಿ ಜಾಸ್ತಿ ಬರುವುದು ಸ್ಥಿತಿ ಹೇಳುವ ಗುಂಪು. ಸ್ಟಾಕ್ ‘ರನ್ನಿಂಗ್ ಲೋ’ ಅಂದರೆ ಕಡಿಮೆಯಾಗುತ್ತಾ ಬಂದಿದೆ. ‘ರನ್ ಔಟ್’ ಅಂದರೆ ಪೂರ್ತಿ ಖಾಲಿ. ‘ರನ್ ಶಾರ್ಟ್’ ಅಂದರೆ ಬೇಕಾದಷ್ಟಿಲ್ಲ, ಕೊರತೆ ಬಿದ್ದಿದೆ. ‘ಪ್ರೈಸಸ್ ಆರ್ ರನ್ನಿಂಗ್ ಹೈ’ ಅಂದರೆ ದರ ಏರಿಯೇ ಇದೆ. ಇಲ್ಲಿ ‘ರನ್’ ಪಕ್ಕದ ಪದದಲ್ಲಿ ತಿರುಳಿದೆ, ಅದನ್ನು ಹಿಡಿಯಿರಿ.

ಚುನಾವಣೆಯದು ಚೆಂದ ಇದೆ. ಅಮೆರಿಕದವರು ಚುನಾವಣೆಗೆ ‘ರನ್’ ಮಾಡುತ್ತಾರೆ, ಬ್ರಿಟನ್ನಿನವರು ‘ಸ್ಟ್ಯಾಂಡ್’ ಮಾಡುತ್ತಾರೆ. ನಾವು ಬ್ರಿಟನ್ನಿನವರ ಹಾಗೆ ಎಲೆಕ್ಷನ್‌ಗೆ ನಿಲ್ಲುತ್ತೇವೆ. ಒಂದೇ ಕೆಲಸ, ಒಂದು ಕಡೆ ಓಡುತ್ತಾರೆ, ಇನ್ನೊಂದು ಕಡೆ ನಿಲ್ಲುತ್ತಾರೆ. ಪದದಿಂದ ಪದಕ್ಕೆ ಗೆರೆ ಎಳೆಯಲು ಹೋದರೆ ಯಾಕೆ ಸಿಕ್ಕಿಕೊಳ್ಳುತ್ತೇವೆ ಅನ್ನುವುದಕ್ಕೆ ನನ್ನ ತರಗತಿಯಲ್ಲಿ ಇದನ್ನೇ ಹೇಳುತ್ತೇನೆ.

ಇನ್ನು ಲಾರಿ ವಾಪಸ್ ತಂದ ಆ ವಾಕ್ಯ. ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಿ. ‘ರನ್ ದ ಸ್ಯಾಂಪಲ್’ ಅಷ್ಟೇ ಇದ್ದು ಲ್ಯಾಬ್‌ನಿಂದ ಬಂದಿದ್ದರೆ, ಸ್ಯಾಂಪಲ್ ಪರೀಕ್ಷೆ ಮಾಡಿ ಎಂದು ಅರ್ಥ. ತೇವ ಎಷ್ಟಿದೆ, ಕಸ ಎಷ್ಟಿದೆ ನೋಡಿ ಅಂತ. ‘ರನ್ ದ ಸ್ಯಾಂಪಲ್ ಬೈ ಅಸ್’ ಅಂದರೆ ನಮಗೆ ತೋರಿಸಿ, ನಮ್ಮ ಅಭಿಪ್ರಾಯ ಕೇಳಿ. ‘ಬೈ’ ಬದಲು ‘ಪಾಸ್ಟ್’ ಇದ್ದರೂ ಅದೇ. ‘ರನ್ ವಿತ್ ದ ಸ್ಯಾಂಪಲ್’ ಅಂದರೆ ಈ ಸ್ಯಾಂಪಲ್ ಒಪ್ಪಿಗೆಯಾಯಿತು, ಇದರ ಮೇಲೆ ಮುಂದುವರಿಯಿರಿ. ನೋಡಿ, ಒಂದು ‘ಬೈ’, ಒಂದು ‘ವಿತ್’. ಒಂದರಲ್ಲಿ ನಿಲ್ಲಿ ಅಂದಿದ್ದಾರೆ, ಇನ್ನೊಂದರಲ್ಲಿ ಹೊರಡಿ ಅಂದಿದ್ದಾರೆ. ನಿಮ್ಮ ಕಣ್ಣು ‘ರನ್’ ಮೇಲೆ ನಿಂತಿತು, ಅಪ್ಪಣೆ ಇದ್ದದ್ದು ‘ಬೈ’ ಒಳಗೆ. ಕೊನೆಯ ‘ಫಸ್ಟ್’ ಕೂಡ ಸುಳಿವು ಕೊಡುತ್ತಿತ್ತು: ಮೊದಲು ಇದು, ಆಮೇಲೆ ಇನ್ನೇನೋ ಇದೆ ಅಂತ. ಆ ‘ಇನ್ನೇನೋ’ ನಿಮ್ಮ ಲೋಡ್.

‘ರನ್ ಆಫ್ ದ ಮಿಲ್’ ಅಂದರೆ ಸಾಧಾರಣದ್ದು, ವಿಶೇಷ ಏನಿಲ್ಲದ್ದು. ಗಿರಣಿಯಿಂದ ಹೊರಬಿದ್ದ ಹಾಗೇ, ಆರಿಸದೆ, ದರ್ಜೆ ಮಾಡದೆ ಇಟ್ಟ ಮಾಲಿಗೆ ಹಾಗೆ ಅನ್ನುತ್ತಿದ್ದರು. ಆಮೇಲೆ ಸಾಧಾರಣ ಸಿನಿಮಾ, ಸಾಧಾರಣ ಭಾಷಣ, ಎಲ್ಲಕ್ಕೂ ಬಂತು. ನಿಮ್ಮ ಪಾರ್ಟಿ ಮಿಲ್ಲಿನ ಬೇಳೆ ಬೇಡ ಅನ್ನಲಿಲ್ಲ. ಚೂರು, ನುಚ್ಚು, ಬಣ್ಣಗೆಟ್ಟ ಕಾಳು ಆರಿಸಿ ತೆಗೆದ ಮಾಲು ಕೊಡಿ ಅಂದರು. ಎರಡೂ ವಾಕ್ಯ ಸೇರಿಸಿ ಓದಿದರೆ ಅವರ ಮನಸ್ಸು ತಿಳಿಯುತ್ತದೆ: ಒಳ್ಳೆಯ ಮಾಲು ಬೇಕು, ಅದಕ್ಕೇ ಮೊದಲು ನೋಡಬೇಕು. ಒಂದು ವಾಕ್ಯ ಅರ್ಥವಾಗದಿದ್ದಾಗ ಪಕ್ಕದ ವಾಕ್ಯವನ್ನು ಕೇಳುವುದು ದೊಡ್ಡ ಅಭ್ಯಾಸ. ಕನ್ನಡದಲ್ಲಿ ನೀವು ಇದನ್ನು ದಿನವೂ ಮಾಡುತ್ತೀರಿ, ಇಂಗ್ಲಿಷ್ ಬಂದ ಕೂಡಲೇ ಭಯಕ್ಕೆ ಬಿಟ್ಟುಬಿಡುತ್ತೀರಿ.

ಅಂದ ಹಾಗೆ ‘ರನ್’ ನಿಮಗೆ ಅಷ್ಟೇನೂ ಹೊಸದಲ್ಲ. ಕ್ರಿಕೆಟ್ಟಿನ ರನ್ ಇದೆ. ಹಳೆ ಗಾಡಿ ಮಾರುವವರು ‘ರನ್ನಿಂಗ್ ಕಂಡಿಷನ್’ ಅನ್ನುತ್ತಾರೆ. ಬಡಗಿಗಳು ‘ರನ್ನಿಂಗ್ ಫೂಟ್’ ಲೆಕ್ಕದಲ್ಲಿ ಕೂಲಿ ಹೇಳುತ್ತಾರೆ. ಗುತ್ತಿಗೆದಾರರಿಗೆ ‘ರನ್ನಿಂಗ್ ಬಿಲ್’ ಆಗುತ್ತದೆ. ಹೊಸ ಮಷೀನು ಕೂರಿಸಿದರೆ ‘ಟ್ರಯಲ್ ರನ್’ ಮಾಡುತ್ತೀರಿ. ಇವೆಲ್ಲ ಬೇರೆ ಬೇರೆ ಅರ್ಥಗಳೇ. ಒಂದನ್ನೂ ಪಟ್ಟಿಯಿಂದ ಕಲಿತದ್ದಲ್ಲ, ಕೆಲಸದ ಮಧ್ಯೆ ಬಂದದ್ದು. ಅದಕ್ಕೇ ಮರೆಯುವುದಿಲ್ಲ.

ಈಗ ನೀವು ಮಾಡುತ್ತಿರುವ ಬಾಯಿಪಾಠದ ವಿಷಯ. ನಿಲ್ಲಿಸಿ ಎಂದು ನೇರವಾಗಿ ಹೇಳುತ್ತೇನೆ. ‘ರನ್ ಅಪ್, ರನ್ ಡೌನ್, ರನ್ ಇನ್, ರನ್ ಇಂಟು, ರನ್ ಓವರ್’ ಎಂದು ಒಂದೇ ದಿನ ಸಾಲಾಗಿ ಓದಿದರೆ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಒಂದೇ ಬಗೆಯ ಅರ್ಥದ ಪದಗಳನ್ನು ಒಟ್ಟಿಗೆ ಕಲಿತರೆ ಕಲಿಕೆ ಕಷ್ಟವಾಗುತ್ತದೆ ಎಂದು ಥಾಮಸ್ ಟಿಂಕಮ್ ಎಂಬ ಸಂಶೋಧಕರು 1993ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದರು. ಈ ಜೋಡಿಗಳಲ್ಲಿ ರೂಪವೂ ಒಂದೇ ಥರ, ಗೊಂದಲ ಇನ್ನೂ ಜಾಸ್ತಿ ಅನ್ನುವುದು ನನ್ನ ಅನುಭವ. ಸಂಜೆಗೆ ಮರೆತುಹೋಗುವುದು ನಿಮ್ಮ ತಪ್ಪಲ್ಲ, ಆ ಪಟ್ಟಿಯದು.

ಫೋನಿನ ಅನುವಾದದ ಆ್ಯಪ್ ಬಳಸಬಹುದು, ನಾನು ಬೇಡ ಅನ್ನುವುದಿಲ್ಲ. ಆದರೆ ಒಂಟಿ ಪದ ಹಾಕಬೇಡಿ. ‘ರನ್’ ಅಂತ ಹಾಕಿದರೆ ಅದು ‘ಓಡು’ ಅನ್ನುತ್ತದೆ, ಬೇರೇನು ಅನ್ನಬೇಕು? ಪೂರ್ತಿ ವಾಕ್ಯ ಹಾಕಿ, ಹಿಂದಿನ ಮುಂದಿನ ವಾಕ್ಯವೂ ಇರಲಿ. ಆಗಲೂ ಅದು ತಪ್ಪಬಹುದು, ತಪ್ಪಿದ್ದು ನಿಮಗೆ ಗೊತ್ತಾಗದಿರಬಹುದು. ದುಡ್ಡು, ಮಾಲು, ದಿನಾಂಕ ಇರುವ ವಾಕ್ಯಕ್ಕೆ ಆ್ಯಪ್ ಒಂದನ್ನೇ ನಂಬಿ ಲಾರಿ ಹೊರಡಿಸಬೇಡಿ. ಪಾರ್ಟಿಯ ಹೆಸರು, ದರ, ಖಾತೆ ನಂಬರ್ ತೆಗೆದು ಹಾಕಿ, ಅವು ಮಿಲ್ಲಿನ ಗುಟ್ಟು.

ನಿಘಂಟಿನಲ್ಲಿ ಕಲಿಯುವವರಿಗಾಗಿಯೇ ಮಾಡಿದವು ಬೇರೆ ಇವೆ. ಲಾಂಗ್‌ಮನ್‌ನವರು 1978ರಲ್ಲಿ ತಂದ ನಿಘಂಟಿನಲ್ಲಿ ಎಲ್ಲ ಅರ್ಥಗಳನ್ನೂ ಸುಮಾರು 2,000 ಸುಲಭ ಪದಗಳಲ್ಲೇ ಬರೆದಿದ್ದರು. ಈಗ ಇಂಥವು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ, ಅರ್ಥದ ಜೊತೆ ಉದಾಹರಣೆ ವಾಕ್ಯವೂ ಇರುತ್ತದೆ. ಮೊದಲ ಅರ್ಥ ಓದಿ ಮುಚ್ಚಬೇಡಿ. ನಿಮ್ಮ ವಾಕ್ಯದ ಥರವೇ ಇರುವ ಉದಾಹರಣೆ ಸಿಗುವವರೆಗೆ ಕೆಳಗೆ ಇಳಿಯಿರಿ. ಇದಕ್ಕೆ ಹೊತ್ತು ಹತ್ತುತ್ತದೆ, ಪಾರ್ಟಿ ಫೋನಿನಲ್ಲಿ ಕಾಯುತ್ತಿರುವಾಗ ಆಗುವ ಕೆಲಸವಲ್ಲ. ಸಂಜೆ ಮಾಡಿ.

ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಒಂದು ಸಾದಾ ನೋಟ್‌ಬುಕ್ ಮೇಲೆ. ಪದ ಬರೆಯಬೇಡಿ, ನಿಮ್ಮ ಆಫೀಸಿಗೆ ಬಂದ ವಾಕ್ಯವನ್ನೇ ಪೂರ್ತಿ ಬರೆಯಿರಿ. ಅದರ ಕೆಳಗೆ, ಅದೇ ಮಾತನ್ನು ನಿಮ್ಮ ಯಜಮಾನರಿಗೆ ಸುರಪುರದ ಕನ್ನಡದಲ್ಲಿ ಹೇಗೆ ಹೇಳುತ್ತೀರೋ ಹಾಗೆ ಬರೆಯಿರಿ. ‘ಮೊದ್ಲು ಸ್ಯಾಂಪಲ್ ನೋಡ್ತೀವಿ ಅಂತಾರ್ರೀ, ಆಮ್ಯಾಲ ಲೋಡ್.’ ಪುಸ್ತಕದ ಕನ್ನಡ ಬೇಡ. ಯಾವ ಪಾರ್ಟಿ, ಏನು ಸಂದರ್ಭ ಅಂತ ಪಕ್ಕದಲ್ಲಿ ಇರಲಿ. ದಿನಕ್ಕೆ ಒಂದೆರಡು ಸಾಕು. ಬೇಳೆ ವ್ಯಾಪಾರದ ಈಮೇಲ್‌ಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳು ಬಹಳ ಇಲ್ಲ, ಬೇಗ ಪರಿಚಯವಾಗುತ್ತವೆ. ಸಿನಿಮಾ ವಿಮರ್ಶೆಯಲ್ಲಿ ಬರುವ ‘ರನ್’ ಈಗ ನಿಮಗೆ ಬೇಡ.

ಓದಿ ತಿಳಿಯುವುದು ಬೇರೆ, ಬರೆಯುವುದು ಬೇರೆ, ಇದೂ ನೆನಪಿರಲಿ. ಅವರು ಬಳಸಿದ್ದು ನಿಮಗೆ ತಿಳಿಯಬೇಕು. ನೀವೂ ಅದನ್ನೇ ಬಳಸಬೇಕೆಂದಿಲ್ಲ. ನೀವು ಬರೆಯುವಾಗ ‘ರನ್ ಬೈ’ ಬಿಟ್ಟು ‘ಶೋ’ ಅನ್ನಿ, ‘ರನ್ ಔಟ್’ ಬಿಟ್ಟು ‘ಫಿನಿಶ್ಡ್’ ಅನ್ನಿ. ವ್ಯಾಪಾರದಲ್ಲಿ ಬಿಡಿಸಿ ಬರೆದ ಇಂಗ್ಲಿಷ್‌ಗೆ ಯಾರೂ ನಗುವುದಿಲ್ಲ.

ಅನುಮಾನ ಬಂದರೆ ತಿರುಗಿ ಕೇಳುವುದು ಎಲ್ಲಕ್ಕಿಂತ ಅಗ್ಗದ ದಾರಿ. ನಮ್ಮ ಹುಡುಗರು ಇದಕ್ಕೇ ಹಿಂಜರಿಯುತ್ತಾರೆ, ಕೇಳಿದರೆ ಇಂಗ್ಲಿಷ್ ಬರುವುದಿಲ್ಲ ಅಂತ ಗೊತ್ತಾಗುತ್ತದೆ ಎಂಬ ನಾಚಿಕೆ. ಆದರೆ ‘ಏನಂದಿರಿ, ತಿಳಿಯಲಿಲ್ಲ’ ಎಂದು ಬರೆಯಬೇಕಿಲ್ಲ. ‘ಶಲ್ ವಿ ಡಿಸ್ಪ್ಯಾಚ್ ಓನ್ಲಿ ಆಫ್ಟರ್ ಯು ಅಪ್ರೂವ್ ದ ಸ್ಯಾಂಪಲ್? ಪ್ಲೀಸ್ ಕನ್ಫರ್ಮ್’ ಎಂದು ಬರೆಯಿರಿ. ಇದು ಇಂಗ್ಲಿಷ್ ಬಾರದವರ ಪ್ರಶ್ನೆಯಲ್ಲ, ವ್ಯವಹಾರ ಬಲ್ಲವರ ಪ್ರಶ್ನೆ. ಉತ್ತರ ಬರೆದು ಬಂದರೆ ನಾಳೆ ತಕರಾರು ಬಂದಾಗ ನಿಮ್ಮ ಕೈಯಲ್ಲಿ ದಾಖಲೆಯೂ ಇರುತ್ತದೆ. ಉತ್ತರಕ್ಕೆ ಅರ್ಧ ದಿನ ಕಾಯಬೇಕಾಗಬಹುದು, ಅದನ್ನು ಯಜಮಾನರಿಗೆ ಮೊದಲೇ ಹೇಳಿಬಿಡಿ.

ಕೋರ್ಸಿನ ಬಗ್ಗೆ ಕೇಳಿದ್ದೀರಿ. ಮಾತಾಡಲು ಧೈರ್ಯ ಬರಲಿ ಅಂತ ಸೇರುವುದಾದರೆ ಸೇರಬಹುದು, ಜೊತೆಯಲ್ಲಿ ನಾಲ್ಕು ಜನ ಇದ್ದರೆ ಬಾಯಿ ಬಿಡುತ್ತದೆ. ‘ರನ್’ ಪದದ ಅರ್ಥಗಳಿಗಾಗಿ ಅಷ್ಟು ದುಡ್ಡು ಬೇಡ. ಕೆಲವೇ ವಾರದಲ್ಲಿ ಪೂರ್ತಿ ಇಂಗ್ಲಿಷ್ ಕಲಿಸುತ್ತೇವೆ ಎಂದು ಬೋರ್ಡ್ ಹಾಕಿದ ಕಡೆ ಮುಂಗಡ ಫೀ ಕಟ್ಟಬೇಡಿ. ಮೊದಲು ಒಂದು ದಿನ ಸುಮ್ನೆ ಕೂತು ಪಾಠ ಕೇಳಿ. ಹಾಳೆಯಲ್ಲಿ ಪಟ್ಟಿ ಹಂಚಿ ಬಾಯಿಪಾಠ ಮಾಡಿ ಬನ್ನಿ ಎಂದರೆ ಎದ್ದು ಬನ್ನಿ, ಅದನ್ನು ನೀವು ಮನೆಯಲ್ಲೇ ಮಾಡಿ ನೋಡಿದ್ದೀರಿ. ಪಾಠ ಹಿಡಿಸಿದರೆ, ಹೆಸರು, ದರ ಅಳಿಸಿದ ನಾಲ್ಕೈದು ಈಮೇಲ್ ಪ್ರಿಂಟ್ ತೆಗೆದುಕೊಂಡು ಹೋಗಿ, ಇವನ್ನು ಇಟ್ಟುಕೊಂಡು ಕಲಿಸುತ್ತೀರಾ ಎಂದು ಮೇಷ್ಟ್ರನ್ನು ಕೇಳಿ. ಹೂಂ ಅಂದು ಕೂತು ಓದಿಸುವವರು ಸಿಕ್ಕರೆ ಅಲ್ಲಿ ಫೀ ಕಟ್ಟಿ.